ಸ್ಲ್ಯಾಬಿನ ದಿನ ಅಕ್ಕ ಹಾಕಿದ ಊಟ

ರಕ್ತದೊತ್ತಡ ನೋಡುವ ಈ ಯಂತ್ರಕ್ಕೆ ಎರಡು ಸಾವಿರದ ನೂರು ರೂಪಾಯಿ ಕೊಟ್ಟೆ. ಒಂದು ರೂಪಾಯಿಯನ್ನೂ ಇಳಿಸಲಿಲ್ಲ. ಪುಣೆಯ ಭೋಸರಿಯಲ್ಲಿ ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಸೆಂಟ್ರಿಂಗ್ ಹಲಗೆಯಿಂದ ಹಿಡಿದು ಮಗಳ ಮದುವೆಯ ಮಂಟಪದವರೆಗೆ ಚೌಕಾಶಿ ಮಾಡದೆ ಏನನ್ನೂ ಕೊಂಡವನಲ್ಲ ನಾನು. ಔಷಧಿ ಅಂಗಡಿಯವನೇ ಗಾಬರಿಯಾಗಿ, "ಶೇಟ್, ತಬ್ಯೇತ್ ಬರಿ ಆಹೇ ನಾ?" ಎಂದು ಮರಾಠಿಯಲ್ಲಿ ನನ್ನ ಆರೋಗ್ಯ ವಿಚಾರಿಸಿದ. ಆರೋಗ್ಯ ಚೆನ್ನಾಗಿಯೇ ಇದೆ. ಡಬ್ಬಿ ಬಿಚ್ಚಿದಾಗ ಹೊಸ ರಬ್ಬರಿನ ವಾಸನೆ ಬಂತು, ಅಷ್ಟೆ. ಆ ವಾಸನೆಯ ಮುಂದೆ ಒಮ್ಮೆ ಚೌಕಾಶಿ ಮಾಡಿ ಸೋತಿದ್ದೇನೆ...

ಹದಿನೈದು ವರ್ಷದ ಹಿಂದಿನ ಮಾತು. ಯಾದಗಿರಿ ಕಡೆಯಿಂದ ಬಂದು, ಬುಟ್ಟಿ ಹೊತ್ತು, ಮೇಸ್ತ್ರಿಯಾಗಿ, ಆಗಷ್ಟೇ ಸ್ವಂತ ಗುತ್ತಿಗೆ ಹಿಡಿದಿದ್ದೆ. ನಮ್ಮ ಕಟ್ಟಡದ ಗೇಟಿನ ಎದುರು ಒಬ್ಬಳು ಚಹಾ ಮಾರುತ್ತಿದ್ದಳು. ನಮ್ಮ ಕಡೆಯವಳೇ. ಎಲ್ಲರಿಗೂ ಅಕ್ಕ. ಪುಣೆಯಲ್ಲಿ ಅವಳಿಗೆ ತನ್ನವನೆಂದು ಇದ್ದವನು ಒಬ್ಬ ತಮ್ಮ. ಅವನು ನನ್ನ ಗ್ಯಾಂಗಿನಲ್ಲೇ ಕಾಂಕ್ರೀಟ್ ಮಿಕ್ಸರ್ ನಡೆಸುತ್ತಿದ್ದ.

ಆ ವರ್ಷ ಸರಕಾರಿ ದವಾಖಾನೆಯವರು ಕೂಲಿಕಾರರ ಕುಡಿತ ತಗ್ಗಿಸಿ ಹೃದಯದ ಕಾಯಿಲೆ ತಡೆಯುವ ಕಾರ್ಯಕ್ರಮ ಶುರುಮಾಡಿದ್ದರು. ಶೆಡ್ಡಿಗೆ ಬಂದು ಭಾಷಣ ಮಾಡಿದರು. ನಮ್ಮವರು ತಲೆಯಾಡಿಸಿ ಕೇಳಿ, ಅಲ್ಲಿಂದ ನೇರ ದಾರು ಅಂಗಡಿಗೆ ಹೋದರು. ಭಾಷಣಕ್ಕೆ ನಿಲ್ಲದವರು ಚಹಾಕ್ಕೆ ನಿಲ್ಲುತ್ತಾರೆಂದು ಆಮೇಲೆ ಯಾರಿಗೋ ಹೊಳೆದಿರಬೇಕು. ಅಕ್ಕನಿಗೆ ಕೆಲವು ದಿನ ಕಲಿಸಿ, ರಬ್ಬರ್ ಬುರುಡೆ ಒತ್ತಿದರೆ ಮುಳ್ಳು ಏರುವ ಯಂತ್ರವೊಂದನ್ನು ಕೊಟ್ಟರು. ಅವಳು ಮೊದಲು ಪಟ್ಟಿ ಕಟ್ಟಿದ್ದು ತಮ್ಮನ ತೋಳಿಗೆ. ಮುಳ್ಳು ಎಲ್ಲಿಗೋ ಹೋಗಿ ನಿಂತಿತು. ದಾರು ಬಿಡದಿದ್ದರೆ ಇವನು ಉಳಿಯುವುದು ಕಷ್ಟ ಎಂದರು ಡಾಕ್ಟರು.

ಬಿಡುವುದು ಹೇಗೆ? ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಸ್ಲ್ಯಾಬ್ ಹಾಕುವ ದಿನ ಬೆಳಿಗ್ಗೆ ಮಿಕ್ಸರಿಗೆ ತೆಂಗಿನಕಾಯಿ, ಸಂಜೆ ಗ್ಯಾಂಗಿಗೆ ಗುತ್ತೇದಾರನ ಖರ್ಚಿನಲ್ಲಿ ದಾರು. ದವಾಖಾನೆಯ ಗುಳಿಗೆ ನುಂಗಿ ವಾರಗಟ್ಟಲೆ ಹಲ್ಲು ಕಚ್ಚಿ ಇರುತ್ತಿದ್ದ ಆ ತಮ್ಮ, ಸ್ಲ್ಯಾಬಿನ ಸಂಜೆ ಜಾರಿಬಿಡುತ್ತಿದ್ದ. ಬಾಟಲಿ ತರುತ್ತಿದ್ದವನು ನಾನೇ.

ಒಂದು ಬೆಳಿಗ್ಗೆ ಅಕ್ಕ ಚಹಾ ಕೊಡದೆ ಎದುರಿಗೆ ಬಂದು ನಿಂತಳು.

"ಗುತ್ತೇದಾರ್ರೇ, ಈ ಸ್ಲ್ಯಾಬಿಗಿ ದಾರು ತರಬ್ಯಾಡ್ರಿ."

"ಹುಚ್ಚಿದ್ದೀಯೇನ? ದಾರು ಇಲ್ಲಂದ್ರ ಗ್ಯಾಂಗ್ ನಾಳಿಗೇ ಬ್ಯಾರೆಯವನ ಕಡಿ ಹೋಗ್ತದ."

"ಹೋದ್ರ, ನಿಮ್ಮ ಹೊಸ ಗ್ಯಾಂಗಿಗಿ ಒಂದು ತಿಂಗಳು ಚಾ ಪುಕ್ಕಟೆ. ಹೋಗಲಿಲ್ಲಂದ್ರ ದಾರು ಕಾಯಂ ಬಂದ್. ಆ ರೊಕ್ಕದಾಗ ಊಟ ನಾ ಹಾಕ್ತೀನಿ."

"ಎರಡು ತಿಂಗಳು."

"ಒಂದೂವರಿ. ಆಯ್ತೋ ಇಲ್ಲೋ ಹೇಳ್ರಿ, ಹಾಲು ಉಕ್ಕಲಿಕತ್ತದ."

ಒಪ್ಪಿದೆ. ಲಾಭ ನನ್ನದೇ ಎಂದುಕೊಂಡಿದ್ದೆ.

ಅವಳ ಯುಕ್ತಿ ಇದ್ದದ್ದು ಹೊತ್ತಿನಲ್ಲಿ. ಮಂದಿ ಸ್ನಾನ ಮಾಡಿ, ಬಟ್ಟೆ ಬದಲಿಸಿ ಹೊರಬಿದ್ದರೆ ಕಾಲು ತಾನಾಗಿ ದಾರು ಅಂಗಡಿ ಹಿಡಿಯುತ್ತದೆ. ಅದಕ್ಕೇ ಸ್ಲ್ಯಾಬಿನ ಸಂಜೆ ಮಿಕ್ಸರ್ ತೊಳೆದ ಕೈ ಆರುವ ಮೊದಲೇ ಸೈಟಿನಲ್ಲಿ ಕೂಡಿಸಿದಳು. ಬಿಸಿ ಜೋಳದ ರೊಟ್ಟಿ, ಮಟನ್ ಸಾರು. ಊಟಕ್ಕೆ ಒಂದೇ ಕರಾರು: ಮೊದಲು ಹತ್ತು ನಿಮಿಷ ಸುಮ್ಮನೆ ಕೂಡಬೇಕು, ತೋಳು ಚಾಚಬೇಕು. ಪಟ್ಟಿ ಕಟ್ಟಿಸಿಕೊಳ್ಳದವನಿಗೆ ತುಂಡಿಲ್ಲ.

"ಅಕ್ಕಾ, ಉಪ್ಪು ಊರಾಗ ಬಿಟ್ಟು ಬಂದೀಯೇನ?" ಎಂದ ಒಬ್ಬ.

"ನಿನ್ನ ಬಿಪಿ ನೋಡೇ ಬಿಟ್ಟು ಬಂದೀನಿ. ಸುಮ್ಮ ಉಣ್ಣು."

ನಾನು ನೇರವಾಗಿ ತಾಟಿಗೆ ಕೈಹಾಕಿದೆ. ಅವಳು ತಾಟು ಎಳೆದುಕೊಂಡಳು.

"ನಾ ಮಾಲಕ ಇದ್ದೀನಿ," ಎಂದೆ.

"ಮಾಲಕರಿಗಿ ಎದಿ ಇರಂಗಿಲ್ಲೇನ್ರಿ?"

ಗ್ಯಾಂಗೆಲ್ಲ ನಕ್ಕಿತು. ಮರ್ಯಾದೆಗೆ ತೋಳು ಚಾಚಿದೆ. ಹೊಸ ರಬ್ಬರಿನ ವಾಸನೆ, ಬುಸ್ ಬುಸ್ ಸದ್ದು... ಅಕ್ಕನ ಮುಖದ ನಗು ಹೋಯಿತು. ನೂರಾ ಎಂಬತ್ತು.

"ನಿನ್ನ ಮಷೀನ್ ಕೆಟ್ಟದ. ನೂರಾ ಅರವತ್ತಕ್ಕ ಮುಗಿಸು."

"ಇದು ಉಸುಕಿನ ಲೋಡ್ ಅಲ್ರಿ, ರೇಟ್ ಇಳಸ್ಲಿಕ್ಕ."

ಮತ್ತೆ ಕೂಡಿಸಿ ನೋಡಿದಳು. ಮುಳ್ಳು ಇಳಿಯಲಿಲ್ಲ. ಬಗ್ಗಿ, ನನಗೊಬ್ಬನಿಗೇ ಕೇಳುವಂತೆ, "ಮೆಟ್ಲ ಏರೂಮುಂದ ಎದಿ ಹಿಡೀತದೇನ್ರಿ?" ಎಂದಳು. ಹಿಡಿಯುತ್ತಿತ್ತು. ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಗ್ಯಾಸ್ ಎಂದು ನಾನೇ ಹೆಸರಿಟ್ಟು, ಸೋಡಾ ಕುಡಿದು, ಸಂಜೆ ಅದರ ಮೇಲೆ ದಾರು ಸುರಿಯುತ್ತಿದ್ದೆ. ಹೆಂಡತಿಗೂ ಹೇಳಿರಲಿಲ್ಲ.

ಮರುದಿನ ಅಂಗಡಿ ಮುಚ್ಚಿ ನನ್ನನ್ನು ದವಾಖಾನೆಗೆ ಕರೆದೊಯ್ದವಳು ಅವಳೇ. ಗುಳಿಗೆ ಶುರುವಾಯಿತು, ದಾರು ನಿಂತಿತು. ನಾನೂ ಅವಳ ತಮ್ಮನೂ ಜೊತೆಯಲ್ಲೇ ಬಿಟ್ಟೆವು. ಒಬ್ಬರನ್ನೊಬ್ಬರು ನಂಬದೆ ಬಾಯಿ ಮೂಸಿ ನೋಡುತ್ತಿದ್ದೆವು! ದಾರು ಇಲ್ಲವೆಂದು ಗ್ಯಾಂಗಿನಲ್ಲಿ ಇಬ್ಬರು ಕೆಲಸ ಬಿಟ್ಟುಹೋದರು. ಅವರಲ್ಲೊಬ್ಬ ಮುಂದಿನ ಸ್ಲ್ಯಾಬಿಗೆ ಮಟನ್ನಿನ ಸುದ್ದಿ ಕೇಳಿ ಮರಳಿ ಬಂದ. ಪುಕ್ಕಟೆ ಚಹಾ ನನಗೆ ಸಿಗಲೇ ಇಲ್ಲ.

ರಸ್ತೆ ಅಗಲವಾದಾಗ ಅಂಗಡಿ ಹೋಯಿತು. ಅಕ್ಕ ತಮ್ಮನೊಂದಿಗೆ ದೌಂಡಕ್ಕೆ ಹೋದಳು. ಎಷ್ಟು ದೂರ ದೌಂಡ? ರೈಲು ಹತ್ತಿದರೆ ಬಂದೇಬಿಡುತ್ತದೆ. ಈ ವಾರ, ಮುಂದಿನ ವಾರ ಎನ್ನುತ್ತ ಒಮ್ಮೆಯೂ ಹೋಗಲಿಲ್ಲ... ಕಳೆದ ಮಳೆಗಾಲದಲ್ಲಿ ತಮ್ಮನ ಫೋನ್ ಬಂತು.

"ಅಕ್ಕ ಹೋದಳ್ರಿ, ಗುತ್ತೇದಾರ್ರೇ. ಡೆಂಗಿ ಆಗಿತ್ತು. ಮಣ್ಣು ಮಾಡಿ ಬಂದೀವಿ." ಆಮೇಲೆ ಹೇಳಿದ, "ದುಃಖಕ್ಕಂತ ಮಂದಿ ಬಾಟ್ಲಿ ತಂದಿದ್ರು. ನಾ ಮುಟ್ಟಲಿಲ್ರಿ."

ಅವಳು ಗೆದ್ದಿದ್ದಳು. ಅದನ್ನು ಅವಳ ಎದುರು ನಿಂತು ಹೇಳಲು ನಾನು ತಡಮಾಡಿದ್ದೆ.

ಈ ಹೊಸ ಯಂತ್ರ ಈಗ ನನ್ನ ಸೈಟಿನ ಕಚೇರಿಯಲ್ಲಿದೆ. ನೀವೂ ನಾಲ್ಕು ಮಂದಿಯನ್ನು ದುಡಿಸುವವರಾಗಿದ್ದರೆ ನನ್ನ ಮಾತು ಕೇಳಿ. ದಾರುವಿನ ಪಾರ್ಟಿ ಕೊಡುವ ರೊಕ್ಕದಲ್ಲಿ ಊಟ ಹಾಕಿ, ಅದೂ ಮಂದಿ ಸೈಟು ಬಿಡುವ ಮೊದಲು. ದಿನಾ ಕುಡಿಯುವವನನ್ನು ಬೈದು ಒಮ್ಮೆಲೇ ಬಿಡಿಸಲು ಹೋಗಬೇಡಿ, ಡಾಕ್ಟರ ಹತ್ತಿರ ಕರೆದೊಯ್ಯಿರಿ. ಎದೆ ಹಿಡಿದರೆ ಸೋಡಾ ಹುಡುಕಬೇಡಿ, ರಿಕ್ಷಾ ಹುಡುಕಿ. ಬೇರೆ ಎಲ್ಲದರಲ್ಲೂ ಚೌಕಾಶಿ ಮಾಡಿ, ಮುಳ್ಳು ತೋರಿಸಿದ್ದರಲ್ಲಿ ಬೇಡ. ಮತ್ತೆ, ಪಟ್ಟಿ ಕಟ್ಟುವಾಗ ಮೊದಲು ನಿಮ್ಮ ತೋಳನ್ನೇ ಚಾಚಿ. ಮಾಲಕರಿಗೂ ಎದೆ ಇರುತ್ತದೆ.