ಕಪ್ಪೆ ಹಾರುವ ಹೊತ್ತು

ತಲ್ಲೂರಿನ ಹೆದ್ದಾರಿ ಬದಿಯ ಅಂಗನವಾಡಿಯಲ್ಲಿ ಗುಲಾಬಿ ಟೀಚರಿಗೆ ಇಪ್ಪತ್ತೆರಡು ವರ್ಷ ಸರ್ವಿಸು. ಊರಿನ ಅರ್ಧ ಮಕ್ಕಳ ಮೂಗು ಒರೆಸಿದ ಕೈ ಅದು. ಆದರೆ ಹೊಟ್ಟೆಯೊಳಗಿನ ಒಂದು ಕೆಂಡ ಒಂಬತ್ತು ವರ್ಷದಿಂದ ಆರಿರಲಿಲ್ಲ.

ಅಂದು ಮೂರೂವರೆ ವರ್ಷದ ಮಗಳು ಸ್ವಾತಿಯನ್ನು ಇಂಗ್ಲಿಷ್ ಶಾಲೆಯ ಇಂಟರ್‌ವ್ಯೂಗೆ ಕರೆದೊಯ್ದಿದ್ದಳು. ಇಂಗ್ಲಿಷಿನಲ್ಲಿ ಬಣ್ಣದ ಹೆಸರು ಕೇಳಿದ್ದಕ್ಕೆ ಮಗು "ಕೆಂಪು" ಎಂದಿತು. ಶಾಲೆಯ ಯಜಮಾನ ವೈಕುಂಠ ಐತಾಳರು ಎಲ್ಲರೆದುರು ನಕ್ಕರು: "ಅಂಗನವಾಡಿ ಮಕ್ಳ್ ನಮ್ಮ್ ಲೆವೆಲ್ಲಿಗೆ ಬತ್ತಿಲ್ಲೆ."

ಈ ಜೂನಿನಲ್ಲಿ ಅದೇ ಐತಾಳರು ನಾಲ್ಕು ವರ್ಷದ ಮೊಮ್ಮಗನ ಕೈ ಹಿಡಿದು ಅವಳ ಬಾಗಿಲಿಗೆ ಬಂದರು. ಹುಡುಗನಿಗೆ ನೂರರವರೆಗೆ ಎಣಿಸಲು ಬರುತ್ತಿತ್ತು. ಇನ್ನೊಂದು ಮಗುವಿನ ಜೊತೆ ಆಡಲು ಬರುತ್ತಿರಲಿಲ್ಲ. ಅಂಗನವಾಡಿಗೆ ಬಿಡಿ ಎಂದು ಡಾಕ್ಟರೇ ಹೇಳಿದ್ದರಂತೆ.

ಗುಲಾಬಿ ಮಗುವನ್ನು ಮುದ್ದಿಸಿದಳು. ಅದರ ಮೇಲೆ ಅವಳಿಗೇನೂ ಸಿಟ್ಟಿಲ್ಲ. ಆಮೇಲೆ ಯಾವ ವಯಸ್ಸಿಗೆ ಮಗುವಿಗೆ ಏನು ಬರಬೇಕೆಂಬ ಗೋಡೆಯ ಪಟ್ಟಿ ತೋರಿಸಿದಳು: ನಾಲ್ಕು ವರ್ಷಕ್ಕೆ ಎರಡೂ ಕಾಲು ಕೂಡಿಸಿ ಕಪ್ಪೆಯಂತೆ ಹಾರಬೇಕು. ಮಗು ಅಜ್ಜನ ಪಂಚೆ ಬಿಡಲಿಲ್ಲ.

"ಮಕ್ಳ್ ಕಂಡ್ಕಂಡೇ ಕಲಿಯುದ್, ಐತಾಳ್ರೇ. ನೀವೇ ಹಾರಿ ತೋರ್ಸಿ."

ಐತಾಳರು ರಸ್ತೆ ಕಡೆ ನೋಡಿದರು. "ಒಳ್ಗೇ ಹಾರ್ತೆ."

"ಒಳ್ಗಲ್ಲ, ಅಂಗ್ಳದಗೇ ಹಾರ್ಕ್."

ಅವಳು ಗಡಿಯಾರ ನೋಡಿಯೇ ಹೇಳಿದ್ದಳು. ಐತಾಳರು ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು ಮೂರನೇ ಸಲ ಹಾರುವಾಗ, ದಿನವೂ ಒಂಬತ್ತೂಕಾಲಿಗೆ ಬರುವ ಅವರದೇ ಶಾಲೆಯ ಹಳದಿ ಬಸ್ಸು ಎದುರಿಗೇ ಬಂದು ನಿಂತಿತು. ಕಿಟಕಿ ತುಂಬ ಮುಖಗಳು.

ಗುಲಾಬಿ ಪಟ್ಟಿಯನ್ನೊಮ್ಮೆ, ಐತಾಳರನ್ನೊಮ್ಮೆ ನೋಡಿದಳು.

"ಲೆವೆಲ್ಲಿಗೆ ಇನ್ನೂ ಬರ್ಲಿಲ್ಲೆ, ಐತಾಳ್ರೇ. ನಾಳೆಯೂ ಇದೇ ಹೊತ್ತಿಗೆ ಬನ್ನಿ."