ಒಡಿಶಾ ಕಡಲಿನಿಂದ ಬಂದ ದನಿ

ದೂರದಲ್ಲಿರುವವರ ದನಿ ಪಕ್ಕದಲ್ಲೇ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಹೋಳೂರಿನ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನನ್ನ ತಮ್ಮ ಮುನಿರಾಜು ಸುಗಟೂರಿನ ನಮ್ಮ ಬಾವಿಯಲ್ಲಿ ಈಜು ಕಲಿತವನು. ಆ ಈಜೇ ಅವನನ್ನು ಸಮುದ್ರದ ಕಾವಲು ದೋಣಿಯವರೆಗೆ ಕರೆದುಕೊಂಡು ಹೋಯಿತು. ಒಡಿಶಾ ತೀರದಲ್ಲಿ ಕೆಲಸ. ಕಳ್ಳಸಾಗಣೆ ದೋಣಿಗಳನ್ನು ತಡೆಯಬೇಕು. ಕಡಲಾಮೆಗಳು ಮೊಟ್ಟೆ ಇಡಲು ದಡಕ್ಕೆ ಬರುವ ತಿಂಗಳುಗಳಲ್ಲಿ ಅವುಗಳ ದಾರಿಯಲ್ಲಿ ಯಾರೂ ಬಲೆ ಬೀಸದಂತೆ ನೋಡಿಕೊಳ್ಳಬೇಕು. "ಕಳ್ಳರನ್ನ ಹಿಡಿಯೋಕೆ ಅಂತ ಸೇರ್ಕೊಂಡೆ ಅಕ್ಕಾ, ಈಗ ಆಮೆಗಳ ಬಾಣಂತನ ಮಾಡ್ತಿದೀನಿ," ಎಂದು ಫೋನಿನಲ್ಲಿ ನಗುತ್ತಿದ್ದ.

ಅವತ್ತು ಭಾನುವಾರ, ಮಧ್ಯಾಹ್ನ. ಅಮ್ಮ ತೋಟಕ್ಕೆ ಹೋಗಿದ್ದಳು. ರೇಷ್ಮೆ ಹುಳದ ಮನೆಯಲ್ಲಿ ನಾನೊಬ್ಬಳೇ ಸೊಪ್ಪು ಹಾಕುತ್ತಿದ್ದೆ. ಹುಳ ಸೊಪ್ಪು ತಿನ್ನುವ ಸದ್ದು ಜಿನುಗು ಮಳೆಯ ಹಾಗೆ ಕೇಳುತ್ತಿರುತ್ತದೆ. ಅದು ಇದ್ದಕ್ಕಿದ್ದಂತೆ ನಿಂತಿತು. ನನ್ನ ಬೆನ್ನ ಹಿಂದೆ, ಬಾಗಿಲ ಹತ್ತಿರ, ಏದುಸಿರಿನಲ್ಲಿ ತಮ್ಮನ ದನಿ: "ಅಕ್ಕಾ, ಚಾಕು ಕೊಡು. ಬೇಗ."

ಅವನು ಊರಲ್ಲಿಲ್ಲ ಎಂಬುದು ಆ ಕ್ಷಣ ನನಗೆ ಹೊಳೆಯಲೇ ಇಲ್ಲ. ಸೊಪ್ಪು ಕತ್ತರಿಸುವ ಚಾಕು ಕಾಲ ಬಳಿಯೇ ಇತ್ತು. ಆದರೆ ತೋಳ ತುಂಬ ಸೊಪ್ಪು. ತಿರುಗಿಯೂ ನೋಡದೆ, "ಇರೋ, ಇದೊಂದು ತಟ್ಟೆ ಮುಗಿಸಿ ಕೊಡ್ತೀನಿ," ಎಂದೆ. ಮುಗಿಸಿ ತಿರುಗಿದರೆ ಯಾರೂ ಇರಲಿಲ್ಲ. ಹುಳಗಳು ಮತ್ತೆ ತಿನ್ನತೊಡಗಿದ್ದವು. ಆಗ ಭಯವಾಯಿತು. ಗಡಿಯಾರ ನೋಡಿದೆ. ಎರಡು ಗಂಟೆ ಹತ್ತು ನಿಮಿಷ.

ಸಂಜೆ ಫೋನ್ ಬಂತು. ಯಾರೋ ಬಿಟ್ಟುಹೋದ ಬಲೆಯಲ್ಲಿ ಆಮೆಯೊಂದು ಸಿಕ್ಕಿಕೊಂಡಿತ್ತಂತೆ. ಮುನಿರಾಜು ನೀರಿಗಿಳಿದು ಅದನ್ನು ಬಿಡಿಸಿದ. ಆಮೆ ಹೋಯಿತು, ಬಲೆ ಅವನ ಕಾಲಿಗೆ ಸುತ್ತಿಕೊಂಡಿತು. ಜೊತೆಯವರು ಧುಮುಕಿ ಮೇಲೆ ತರುವಷ್ಟರಲ್ಲಿ ಉಸಿರು ನಿಂತಿತ್ತು.

ಅವನ ದೇಹದ ಜೊತೆ ಬಂದ ಗೆಳೆಯ ಬಿಹಾರದ ಕಡೆಯವನು. ಅವನನ್ನು ಪಕ್ಕಕ್ಕೆ ಕರೆದು, ನನಗೆ ಬರುವ ಹರಕು ಹಿಂದಿಯಲ್ಲಿ ಎಲ್ಲ ಕೇಳಿದೆ. ಎರಡು ಗಂಟೆ ದಾಟಿತ್ತು ಎಂದ. ಚಾಕು ಮುನಿರಾಜುವಿನ ಕೈಯಿಂದ ಜಾರಿಹೋಗಿತ್ತು. ಒಂದೇ ಒಂದು ಸಲ ಮೇಲೆ ಬಂದು ಕೂಗಿದನಂತೆ.

"ಏನಂತ?"

"ನಿಮ್ಮ ಭಾಷೇಲಿ ಏನೋ ಕೂಗಿದ ದೀದಿ," ಎಂದು ಅವನು ಅತ್ತುಬಿಟ್ಟ. "ನಮಗ್ಯಾರಿಗೂ ಅರ್ಥ ಆಗ್ಲಿಲ್ಲ."

ಶಾಲೆಯ ಮಕ್ಕಳು ಕೇಳಿದ್ದರೆ ಇದನ್ನು ಕಾಕತಾಳೀಯ ಎನ್ನುತ್ತಿದ್ದೆ. ನನಗೆ ನಾನೇ ಹಾಗೆ ಹೇಳಿಕೊಳ್ಳಲು ಇವತ್ತಿಗೂ ಆಗಿಲ್ಲ. ಅಮ್ಮನಿಗಂತೂ ಹೇಳಿಯೇ ಇಲ್ಲ. ಅವಳು ನಂಬುವುದಿಲ್ಲ ಎಂದಲ್ಲ, ನಂಬಿಬಿಡುತ್ತಾಳೆ. ನಂಬಿ, "ಕೇಳಿದ ತಕ್ಷಣ ಯಾಕೆ ಕೊಡಲಿಲ್ಲ?" ಎಂದರೆ ನಾನು ಏನು ಹೇಳಲಿ?