ಮಾಮಾ ತಂದ ಬೀಗರು

ಮಾಮಾನ ಬಲಗೈ ತೋರುಬೆರಳಿನ ತುದಿಯಲ್ಲಿ ಒಂದು ಸಣ್ಣ ಅರ್ಧಚಂದ್ರವಿತ್ತು. ಉಳಿದ ಬೆರಳುಗಳ ಮೇಲೆಲ್ಲ ತಾಮ್ರದ ತಂತಿ ಎಳೆದೆಳೆದು ಬಿದ್ದ ಗೀರುಗಳು, ಉಗುರಿನ ಸಂದಿಯಲ್ಲಿ ವಾರ್ನಿಶ್ಶಿನ ಕಂದು ಬಣ್ಣ. ಅವು ಕಸುಬು ಕೊಟ್ಟ ಗುರುತುಗಳು. ಅರ್ಧಚಂದ್ರ ಮಾತ್ರ ಆಮೆ ಕಚ್ಚಿದ್ದು. ಯಾರಾದರೂ ಕೇಳಿದರೆ ಬೆರಳು ಮುಂದೆ ಹಿಡಿದು, ಇದು ನಮ್ಮ ಬೀಗರು ಮಾಡಿದ ಆಯೇರಿ, ಉಡುಗೊರೆ ಎಂದು ನಗುತ್ತಿದ್ದ.

ಅವನು ನನ್ನ ತಾಯಿಯ ತಮ್ಮ. ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಸೂರಿನ ಕೆಳಗೆ ಅವನ ಮೋಟರ್ ರಿಪೇರಿ ಅಂಗಡಿ. ಸುತ್ತಲಿನ ಹೊಲಗಳಲ್ಲಿ ಸುಟ್ಟುಹೋದ ಪಂಪಿನ ಮೋಟರುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ನನ್ನನ್ನು ಬೆಳೆಸಿದವನು ಅವನೇ. ನಮ್ಮಪ್ಪ ತೀರಿಕೊಂಡಾಗ ದೇವಾಪುರದ ಮನೆಯಲ್ಲಿ ನೆಂಟರೆಲ್ಲ ಕೂತು, ಇಬ್ಬರು ಸಣ್ಣ ಮಕ್ಕಳ ಜೊತೆ ಈ ಹುಡುಗಿಯನ್ನೂ ತಾಯಿ ಹೇಗೆ ಸಂಭಾಳಿಸಬೇಕು ಎಂದು ಮಾತಾಡುತ್ತಿದ್ದರು. ಬಸಿಯಲ್ಲಿ ಚಹಾ ಹಿಡಿದಿದ್ದ ಮಾಮಾ ಅದನ್ನು ಕುಡಿದು ಮುಗಿಸುವಷ್ಟರಲ್ಲಿ, ನಾನು ಕರೆದುಕೊಂಡು ಹೋಗಿ ಓದಿಸುತ್ತೇನೆ ಅಂದುಬಿಟ್ಟ. ಹೆಂಡತಿಯನ್ನು ಒಂದು ಮಾತು ಕೇಳಿರಲಿಲ್ಲ. ಶಹಾಪುರದ ಮನೆ ಮುಟ್ಟಿದಾಗ ಅತ್ತೆ ನನಗೆ ಮೊದಲು ಉಣ್ಣಲು ಬಡಿಸಿ, ಆಮೇಲೆ ಒಳಗೆ ಹೋಗಿ ಅವನನ್ನು ಬೈದಳು. ತಿಂಗಳ ಕಿರಾಣಿ ತರಬೇಕಾದವರು ಹುಡುಗಿಯನ್ನು ತಂದರು ಎಂದು ನನ್ನ ಮದುವೆಯ ದಿನವೂ ಎಲ್ಲರೆದುರು ಹೇಳಿ ನಗಿಸಿದಳು.

ಮಾಮಾನಿಗೆ ಮನಸ್ಸು ಬರುವುದಕ್ಕೂ ಕೈ ಜೇಬಿಗೆ ಹೋಗುವುದಕ್ಕೂ ನಡುವೆ ಪುರುಸೊತ್ತು ಇರುತ್ತಿರಲಿಲ್ಲ. ತಂತಿ ತರಲು ಯಾದಗಿರಿಯಿಂದ ರೈಲು ಹಿಡಿದು ಹೈದರಾಬಾದಿಗೆ ಹೋದರೆ ತಂತಿಯ ಜೊತೆ ಇನ್ನೇನೋ ಬರುತ್ತಿತ್ತು. ಹಾಡುವ ಗಡಿಯಾರ, ಮಡಚುವ ಕುರ್ಚಿ, ಯಾರ ಕಾಲಿಗೂ ಹೊಂದದ ಬೂಟು. ಅತ್ತೆ ಅವನ್ನೆಲ್ಲ ಅಟ್ಟಕ್ಕೆ ಸೇರಿಸಿ ಸುಮ್ಮನಾಗುತ್ತಿದ್ದಳು.

ಆದರೆ ಉಸಿರಾಡುವುದನ್ನು ಅಟ್ಟಕ್ಕೆ ಹಾಕಲು ಬರುವುದಿಲ್ಲ. ಒಂದು ಸಲ ಹೈದರಾಬಾದಿನ ಹಕ್ಕಿ ಸಂತೆಯಿಂದ ಎರಡು ಹ್ಯಾಮ್‌ಸ್ಟರ್ ತಂದ. ಬೂದು ಬಣ್ಣದ, ಮೊಂಡು ಬಾಲದ, ಕೆನ್ನೆಯೊಳಗೆ ಕಾಳು ತುಂಬಿಕೊಳ್ಳುವ ಇಲಿಯಂಥ ಜೀವಗಳು. ಅವು ಚಕ್ರದೊಳಗೆ ಓಡುವುದನ್ನು ನೋಡಲು ಅಂಗಡಿಯ ಮುಂದೆ ಜನ ನಿಲ್ಲುತ್ತಿದ್ದರು. ಬೇಸಿಗೆ ಶುರುವಾಗಿತ್ತು. ನಮ್ಮ ಕಡೆಯ ಬಿಸಿಲಿಗೆ ಎಮ್ಮೆಗಳೇ ನೆರಳು ಬಿಟ್ಟು ಏಳುವುದಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಾಗ ಮಾಮಾ ಊಟಕ್ಕೆ ಮನೆಗೆ ಬಂದಿದ್ದ. ಮರಳಿ ಹೋಗುವಷ್ಟರಲ್ಲಿ ಎರಡೂ ಪಂಜರದ ಮೂಲೆಯಲ್ಲಿ ಒಂದಕ್ಕೊಂದು ಆತುಕೊಂಡು ಸತ್ತಿದ್ದವು. ಊರಿನವರ ಮೋಟರುಗಳ ನಡುವೆ ಕೂತು ಮಾಮಾ ಅತ್ತ. ಅಂಥ ದೊಡ್ಡ ಮನುಷ್ಯ ಅಳುವುದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ಅಳು ನಿಂತ ಮೇಲೆ ಅವನು ತೆಗೆದುಕೊಂಡ ತೀರ್ಮಾನ ಮಾತ್ರ ಅವನೊಬ್ಬನೇ ತೆಗೆದುಕೊಳ್ಳಬಹುದಾದಂಥದ್ದು. ಸತ್ತದ್ದು ಸೆಕೆಗೆ ತಾನೆ? ಹಾಗಾದರೆ ನೀರಲ್ಲೇ ಇರುವ ಪ್ರಾಣಿ ತಂದರೆ ಶಹಾಪುರದ ಬಿಸಿಲು ಏನು ಮಾಡೀತು? ಮುಂದಿನ ಸಲ ಹೈದರಾಬಾದಿನಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆಮೆ ಬಂತು. ರೂಪಾಯಿ ನಾಣ್ಯದಷ್ಟು ಗಾತ್ರ, ಹಸಿರು ಮೈ, ಕಣ್ಣಿನ ಹಿಂದೆ ಎರಡೂ ಬದಿಗೆ ಕುಂಕುಮದ ಗೀರು. ಇದು ಇಷ್ಟೇ ಇರುತ್ತದೆ, ಏನು ಹಾಕಿದರೂ ತಿನ್ನುತ್ತದೆ ಎಂದು ಮಾರಿದವನು ಹೇಳಿದ್ದನಂತೆ. ಎರಡೂ ಸುಳ್ಳು.

ಅದಕ್ಕೆ ಒಣ ಸಿಗಡಿ ಬೇಕಿತ್ತು, ಎರೆಹುಳು ಬೇಕಿತ್ತು. ಅತ್ತೆಯದೋ ಲಿಂಗಪೂಜೆಯಾಗದೆ ನೀರೂ ಮುಟ್ಟದ ಮನೆ. ಹೀಗಾಗಿ ಸಿಗಡಿ ಅಂಗಡಿಯಲ್ಲಿ ಬೋಲ್ಟಿನ ಡಬ್ಬಿಯೊಳಗೆ ಇರತೊಡಗಿತು, ಗಿರಾಕಿಗಳು ಮೂಗು ಮುಚ್ಚಿಕೊಳ್ಳತೊಡಗಿದರು. ಬಿಸಿಲು ತಾಗದಿರಲಿ ಎಂದು ಮಾಮಾ ಪ್ರೀತಿಯಿಂದ ನೆರಳಲ್ಲಿಟ್ಟ, ಅದರ ಚಿಪ್ಪು ನೆನೆದ ಹಪ್ಪಳದಂತೆ ಮೆತ್ತಗಾಯಿತು. ಪಶು ಆಸ್ಪತ್ರೆಯ ಡಾಕ್ಟರು ತಾವು ದನ ಕುರಿ ನೋಡುವವರೆಂದು ಮೊದಲೇ ಹೇಳಿ, ಗೆಳೆಯರೊಬ್ಬರಿಗೆ ಫೋನ್ ಮಾಡಿ ಕೇಳಿ, ಇದಕ್ಕೆ ದಿನಾ ಎಳೆಬಿಸಿಲು ಬೇಕು, ಸುಣ್ಣದ ಅಂಶ ಬೇಕು ಅಂದರು. ಪಕ್ಕದ ಮನೆಯ ಮಗು ನಮ್ಮ ಹಿತ್ತಲಲ್ಲಿದ್ದ ಆಮೆಯ ತೊಟ್ಟಿಯಲ್ಲಿ ಕೈಯಾಡಿಸಿ ಅದೇ ಕೈ ಬಾಯಿಗಿಟ್ಟುಕೊಂಡು, ವಾಂತಿ ಭೇದಿಯಾಗಿ ಮಲಗಿತು. ಅಂದಿನಿಂದ ತೊಟ್ಟಿಯ ಪಕ್ಕ ಒಂದು ಸಾಬೂನು ಬಂತು. ಆಮೆ ಊಟದ ತಾಟಿನಷ್ಟು ಬೆಳೆಯಿತು, ತಿನ್ನಿಸಲು ಹೋದ ಬೆರಳನ್ನೇ ಕಚ್ಚಿತು. ಕೂತಲ್ಲಿ ಉಣ್ಣುತ್ತದೆ, ಸೇವೆಯಲ್ಲಿ ಕೊರತೆಯಾದರೆ ಸಿಟ್ಟಾಗುತ್ತದೆ, ಹೋಗುವ ಮಾತೇ ಎತ್ತುವುದಿಲ್ಲ ಎಂದು ಅತ್ತೆ ಅದಕ್ಕೆ ಬೀಗರು ಎಂದು ಹೆಸರಿಟ್ಟಳು.

ನಲ್ಲಿ ಬಾರದ ದಿನಗಳಲ್ಲಿ ತೊಟ್ಟಿ ಗಬ್ಬು ನಾರುತ್ತಿತ್ತು. ಅಂಥ ಒಂದು ದಿನ ಅತ್ತೆ ಬಕೆಟ್ಟು ಕೆಳಗೆ ಕುಕ್ಕಿ, "ನನಗ ಸಾಕಾಗಿ ಹೋಗ್ಯಾದ್ರಿ ಇದರ ಸಂಗಟ" ಅಂದಳು.

ಮಾಮಾ ಬಕೆಟ್ಟನ್ನು ತಾನೇ ಎತ್ತಿಕೊಂಡ. "ಸಾಕೋದು ಅಂದ್ರ ಸಾಕಾಗೋದೇ ನೋಡು. ಸಾಕಾದ ಮ್ಯಾಲೂ ನೀರು ಬದಲಿ ಮಾಡ್ತೀವಲ್ಲ, ಅದಕ್ಕ ಸಾಕೋದು ಅಂತಾರ."

ಹಾಗೆಂದವನೇ ಮುಂದೊಂದು ದಿನ ಸೋತ. ಕೆರೆಗೆ ಬಿಟ್ಟುಬಿಡೋಣ, ಅದಕ್ಕೂ ಆರಾಮ ನಮಗೂ ಆರಾಮ ಎಂದು ಅತ್ತೆ ಬೆನ್ನು ಹತ್ತಿದ್ದಳು. ಮಾಮಾ ಬಕೆಟ್ಟಿನಲ್ಲಿ ಆಮೆ ಹಾಕಿಕೊಂಡು ನನ್ನನ್ನೂ ಕರೆದುಕೊಂಡು ಶಹಾಪುರದ ಕೆರೆಯ ಏರಿಗೆ ನಡೆದ. ಆಗ ನಾನು ಯಾದಗಿರಿಯಲ್ಲಿ ನೌಕರಿಗೆ ಸೇರಿ, ರಜೆಗೆ ಬಂದಿದ್ದೆ. ನೀರಿನಂಚಿಗೆ ಕಪ್ಪೆಮರಿಗಳು ಜಿಗಿದಾಡುತ್ತಿದ್ದವು. ಮಾಮಾ ಬಕೆಟ್ಟು ಓರೆ ಮಾಡಿ ಬಹಳ ಹೊತ್ತು ಹಾಗೇ ಕೂತ. ಆಮೆ ಕತ್ತು ಚಾಚಿ ನೀರು ನೋಡುತ್ತಿತ್ತು. ಆಮೇಲೆ ಅವನು ಬಕೆಟ್ಟನ್ನು ನೆಟ್ಟಗೆ ಮಾಡಿದ.

"ಇದು ಇಲ್ಲಿದಲ್ಲವ್ವಾ. ಬಿಟ್ರ ಇದಾದ್ರೂ ಸಾಯ್ತದ, ಇಲ್ಲಂದ್ರ ಇಲ್ಲಿವನ್ನ ತಿಂದು ಮುಗಸ್ತದ ಅಂತ ಡಾಕ್ಟರ್ ಹೇಳ್ಯಾರ. ಚಾ ಕುಡಿಯೋದ್ರಾಗ ತಗೊಂಡಿದ್ದು ನೋಡು, ನನಗಿಂತ ಹೆಚ್ಚು ದಿನ ಬದುಕ್ತದಂತ."

ತನ್ನ ನಂತರ ಇದನ್ನು ಯಾರು ನೋಡಬೇಕು ಎಂಬ ಚಿಂತೆ ಅಂದೇ ಅವನಿಗೆ ಹತ್ತಿತು. ಆಮೇಲಾಮೇಲೆ ಊಟಕ್ಕೆ ಕೂತಾಗಲೂ ಒಮ್ಮೊಮ್ಮೆ ಅದೇ ಮಾತು ತೆಗೆಯುತ್ತಿದ್ದ, ನಾವು ನಕ್ಕು ಸುಮ್ಮನಾಗಿಸುತ್ತಿದ್ದೆವು.

ಆ ಕೆರೆಯ ಸಂಜೆಯ ನಂತರ ಹೈದರಾಬಾದಿನಿಂದ ಬರೀ ತಂತಿ ಬರತೊಡಗಿತು. ಇಂಥ ಪ್ರಾಣಿ ತರಲು ಆಸೆಪಟ್ಟವರನ್ನು ಮಾಮಾ ಬೈಯುತ್ತಿರಲಿಲ್ಲ, ಬುದ್ಧಿವಾದವನ್ನೂ ಹೇಳುತ್ತಿರಲಿಲ್ಲ. ಗೊಬ್ಬರದಂಗಡಿಯ ಸಾಹುಕಾರರು ಮಗಳ ಹುಟ್ಟುಹಬ್ಬಕ್ಕೆ ಹ್ಯಾಮ್‌ಸ್ಟರ್ ಜೋಡಿ ತರಿಸಬೇಕೆಂದು ವಿಳಾಸ ಕೇಳಲು ಬಂದಾಗ, ಅವರನ್ನು ಕೈಹಿಡಿದು ಹಿತ್ತಲಿಗೆ ಕರೆದೊಯ್ದು, "ಕೊಡ್ತೀನ್ರಿ. ಮೊದಲ ಈ ತೊಟ್ಟಿ ನೀರೊಂದು ಬದಲಿ ಮಾಡ್ರಿ" ಅಂದ. ಸಾಹುಕಾರರು ಬಿಳಿ ಅಂಗಿಯ ತೋಳು ಮಡಚಿ ಅರ್ಧ ತೊಟ್ಟಿ ಖಾಲಿ ಮಾಡುವಷ್ಟರಲ್ಲಿ ಮನಸ್ಸು ಬದಲಿಸಿದರು. ಮಗಳಿಗೆ ಸೈಕಲ್ ಬಂತು.

ಇತ್ತ ಬೀಗರು ವಯಸ್ಸಾದಂತೆ ಸೊಪ್ಪು ತಿನ್ನುವುದನ್ನು ಹೆಚ್ಚು ಮಾಡಿದರು. ನಮ್ಮ ಜೊತೆ ಇದ್ದೂ ಇದ್ದೂ ಶಾಕಾಹಾರಿಯಾದರು ಎಂದು ಮಾಮಾನಿಗೆ ಹೆಮ್ಮೆ. ಅತ್ತೆಯೂ ರಾಜಗಿರಿ ಸೊಪ್ಪು ಸೋಸುವಾಗ ಒಂದು ಹಿಡಿ ಬೇರೆ ಇಡತೊಡಗಿದಳು, ಕೇಳಿದರೆ ಹುಳ ಹಿಡಿದ ಎಲೆ ಎನ್ನುತ್ತಿದ್ದಳು. ಅವು ಒಳ್ಳೆಯ ಎಲೆಗಳೇ ಆಗಿದ್ದವು.

ಕಳೆದ ವರ್ಷ ಮಾಮಾನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ಒಂದೆರಡಕ್ಕೆ ಬಂದು ನಿಂತಿತು. ಅವನ ಮಂಚವನ್ನು ಹಿತ್ತಲ ಬಾಗಿಲಿಗೆ ಹಾಕಿದ್ದೆವು, ತೊಟ್ಟಿ ಕಾಣಲಿ ಎಂದು. ಒಂದು ಭಾನುವಾರ ಬೆಳಿಗ್ಗೆ ಅತ್ತೆ ಚಮಚೆಯಿಂದ ಗಂಜಿ ಕುಡಿಸುತ್ತಿದ್ದಳು, ನಾನು ಕಾಲ ಬಳಿ ಕೂತಿದ್ದೆ. ಆಮೆ ಇಟ್ಟಿಗೆಯ ಮೇಲೆ ಹತ್ತಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಮಾಮಾ ಮುಖ ಹೊರಳಿಸಿ ಅದನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ತುಟಿ ಕೂಡಿಸಲು ಒದ್ದಾಡಿ ಒಂದು ಮಾತು ಹೊರಗೆ ತಂದ.

"ಸಾಕು."

ಅತ್ತೆ ಚಮಚೆ ಕೆಳಗಿಟ್ಟು, ಹೊಟ್ಟೆ ತುಂಬಿತು ಅಂತ ಕಾಣುತ್ತದೆ ಎಂದು ಅವನ ಬಾಯಿ ಒರೆಸಿದಳು. ಅವನು ಇನ್ನೂ ನನ್ನನ್ನೇ ನೋಡುತ್ತಿದ್ದ. ನಾನು ತಲೆಯಾಡಿಸಿದೆ. ಆಗ ಕಣ್ಣು ಮುಚ್ಚಿದ. ಆ ವಾರವೇ ತೀರಿಕೊಂಡ.

ದಿನಕರ್ಮ ಮುಗಿದ ಮೇಲೆ ಆಮೆಯ ಪ್ರಶ್ನೆ ಬಂತು. ಕೆರೆಗೆ ಬಿಡಿ ಎಂದು ನೆಂಟರು ಮತ್ತೆ ಅಂದರು. ನಾನು ಬಕೆಟ್ಟು ತಂದೆ. ಯಾದಗಿರಿಯ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಕಂಡಕ್ಟರ್ ಒಳಗೆ ಇಣುಕಿ ಯಾರಿದು ಎಂದ. ನಮ್ಮ ಬೀಗರು ಅಂದೆ. ದೇವಾಪುರದಿಂದ ಬಂದ ಆ ದಿನ ಮಾಮಾ ನನ್ನನ್ನು ಕಿಟಕಿಯ ಪಕ್ಕ ಕೂಡಿಸಿಕೊಂಡು ಹೀಗೆಯೇ ಬಸ್ಸಿನಲ್ಲಿ ಕೂತಿದ್ದ. ಅವನ ಮನಸ್ಸಿನಲ್ಲಿ ಆಗ ಏನಿತ್ತೋ, ಹೆದರಿದ್ದನೋ ಏನೋ, ನಾನೆಂದೂ ಕೇಳಲಿಲ್ಲ.

ಈಗ ತೊಟ್ಟಿ ನಮ್ಮ ಮಾಳಿಗೆಯ ಮೇಲಿದೆ. ಅತ್ತೆ ಫೋನ್ ಮಾಡಿದಾಗೆಲ್ಲ ಬೀಗರು ಉಂಡರೇ ಎಂದು ಮೊದಲು ಕೇಳುತ್ತಾಳೆ, ಆಮೇಲೆ ನನ್ನನ್ನು. ಅವಳ ಲೆಕ್ಕದಲ್ಲಿ ಮಾಮಾನ ಕೊನೆಯ ಮಾತು ಗಂಜಿಯದು, ನಾನು ವಾದಕ್ಕೆ ಹೋಗಿಲ್ಲ. ನೀರಿಲ್ಲದ ದಿನ, ಕೆಳಗಿನಿಂದ ಕೊಡ ಹೊತ್ತು ಮೆಟ್ಟಿಲು ಹತ್ತುವಾಗ, ಸಾಕಪ್ಪಾ ಸಾಕು ಎಂದು ನನ್ನ ಬಾಯಿಂದಲೂ ಬರುತ್ತದೆ. ಬಂದ ಕೂಡಲೇ ಮಾಮಾನ ಮುಖ ಕಾಣುತ್ತದೆ. ಇಷ್ಟು ವರ್ಷ ನನ್ನ ವಿಷಯದಲ್ಲಿ ಅವನು ಆ ಮಾತನ್ನು ಸಾಕುವುದು ಎಂಬ ಒಂದೇ ಅರ್ಥದಲ್ಲಿ ಇಟ್ಟುಕೊಂಡಿದ್ದ. ಕೊಡ ಇಳಿಸಿ ನೀರು ಬದಲಿಸುತ್ತೇನೆ.